ಎಪ್ಪತ್ತು ಕಳೆದು ಉಳಿದದ್ದು

ಭಾನುವಾರ ಬೆಳಿಗ್ಗೆ ಎಂಟು ಗಂಟೆಗೆ ಆ ಮನೆಯಲ್ಲಿ ಯಾರೂ ಜೋರಾಗಿ ಉಸಿರು ಬಿಡುವ ಹಾಗಿರಲಿಲ್ಲ. ಅಡುಗೆಮನೆಯ ನೆಲದ ಮೇಲೆ ಗಾಜಿನ ತೂಕದ ಮೆಷಿನ್ನು, ಅದರ ಮುಂದೆ ಬರಿಗಾಲಲ್ಲಿ ಗಂಡ, ಗಂಡನ ತೋಳಲ್ಲಿ ದೊರೆ. ದೊರೆ ಎಂದರೆ ನಾಯಿ. ಮೊಣಕಾಲೆತ್ತರವೂ ಇಲ್ಲ, ಮೈಯೆಲ್ಲ ಕಂದು ಕೂದಲು, ಮುಖದ ಗತ್ತು ನೋಡಿದರೆ ಮಾತ್ರ ಇಡೀ ಬೀದಿ ಇವನ ಜಹಗೀರು ಅನ್ನಬೇಕು.

"ಹತ್ತಿ," ಎಂದಳು ಹೆಂಡತಿ, ಕನ್ನಡಕ ಸರಿಮಾಡಿಕೊಂಡು ನೆಲಕ್ಕೆ ಬಗ್ಗಿ. "ಅಲ್ಲಾಡಬೇಡಿ ರೀ."

"ನಾನೆಲ್ಲಿ ಅಲ್ಲಾಡ್ತಿದೀನಿ? ಇವನು ಬಾಲ ಆಡಿಸ್ತಿದಾನೆ. ಬಾಲಕ್ಕೂ ಒಂದು ತೂಕ ಇರುತ್ತೆ ತಾನೆ."

"ನಿಮ್ಮ ತಮಾಷೆ ಆಮೇಲೆ."

ಅಂಕಿಗಳು ಅತ್ತ ಇತ್ತ ಓಡಾಡಿ ಒಂದು ಕಡೆ ನಿಂತವು. ಎಪ್ಪತ್ತನಾಲ್ಕು ಕಿಲೋ ಮುನ್ನೂರು ಗ್ರಾಂ.

"ಎಪ್ಪತ್ತು ಕಳಿ," ಎಂದ ಗಂಡ.

ಅವಳು ಕಳೆದಳು. ನಾಲ್ಕು ಮುನ್ನೂರು. ಹೋದ ಭಾನುವಾರ ನಾಲ್ಕು ಎಂಟುನೂರಿತ್ತು. ಅದರ ಹಿಂದಿನ ವಾರ ಐದು ಇನ್ನೂರು. ಅದಕ್ಕೂ ಹಿಂದೆ, ಮೊದಲನೆಯ ಸಲ ಮನೆಯಲ್ಲಿ ತೂಗಿದಾಗ, ಐದು ಏಳುನೂರು. ಪ್ರಾಣಿಗಳ ಡಾಕ್ಟರಮ್ಮನ ಮೇಜಿನ ಮೇಲೆ ನಿಲ್ಲಿಸಿದ ದಿನವಂತೂ ದೊರೆ ಆರು ಕಿಲೋ ನಾನೂರು ಗ್ರಾಂ ಇದ್ದ. ಎಲ್ಲ ಅಂಕಿಗಳೂ ಅಡುಗೆಮನೆ ಬಾಗಿಲ ಹಿಂದಿನ ಕ್ಯಾಲೆಂಡರಿನಲ್ಲಿ ಒಂದರ ಕೆಳಗೊಂದು ಇಳಿದು ಬರುತ್ತಿದ್ದವು. ಇವತ್ತಿನದನ್ನು ಬರೆಯುವಾಗ ಅವಳ ಪೆನ್ನು ಕಾಗದ ಹರಿಯುವಷ್ಟು ಒತ್ತಿತು.

"ಇನ್ನು ಎಷ್ಟು ಇಳೀತಾನೆ ರೀ ಇವನು?"

ಗಂಡ ನಾಯಿಯನ್ನು ಕೆಳಗಿಟ್ಟು, ಅದರ ಕಿವಿಯ ಹಿಂದೆ ಕೆರೆದ. "ಏನಾಗಲ್ಲ ಬಿಡೆ. ತಿಂತಾನೆ," ಎಂದ. ಈ 'ತಿಂತಾನೆ'ಯನ್ನು ಕೇಳಿ ಕೇಳಿ ಅವಳಿಗೆ ಸಾಕಾಗಿತ್ತು.

ಗಂಡನ ಕೆಲಸವೇ ತೂಕ ಹಾಕುವುದು. ಊರ ಹೊರಗೆ ಲಾರಿ ತೂಗುವ ದೊಡ್ಡ ಕಬ್ಬಿಣದ ಕಟ್ಟೆ ಇದೆ. ಮರಳು, ಜಲ್ಲಿ, ಸಿಮೆಂಟು ಹೊತ್ತ ಲಾರಿಗಳು ಅದರ ಮೇಲೆ ಹತ್ತಿ ನಿಂತರೆ, ಗಾಜಿನ ಗೂಡಿನೊಳಗೆ ಕೂತವನು ಒಟ್ಟು ತೂಕ ನೋಡಿ, ಲಾರಿಯ ಖಾಲಿ ತೂಕವನ್ನು ಅದರಿಂದ ಕಳೆದು, ಸರಕಿನ ತೂಕ ಬರೆದು ಚೀಟಿ ಕೊಡುತ್ತಾನೆ. ದಿನಾ ಬರುವ ಲಾರಿಗಳ ಖಾಲಿ ತೂಕ ಅವುಗಳ ಬಾಗಿಲ ಮೇಲೇ ಬಿಳಿ ಬಣ್ಣದಲ್ಲಿ ಬರೆದಿರುತ್ತದೆ. ಪ್ರತಿ ಸಲ ಖಾಲಿ ಮಾಡಿಸಿ ಮತ್ತೆ ಹತ್ತಿಸುತ್ತ ಕೂತರೆ ಸಾಲು ಊರ ಬಾಗಿಲಿಗೆ ಬಂದೀತು. ಲಾರಿಯವರೆಲ್ಲ ಅವನನ್ನು ತೂಕದಣ್ಣ ಎಂದೇ ಕರೆಯುವುದು. ಹೆತ್ತವರಿಟ್ಟ ಹೆಸರು ಸಂಬಳದ ದಿನ ಮಾತ್ರ ಹೊರಗೆ ಬರುತ್ತಿತ್ತು.

ನಾಯಿಯನ್ನು ತೂಗುವ ದಾರಿಯನ್ನೂ ತೂಕದಣ್ಣನೇ ಕಂಡುಹಿಡಿದದ್ದು. ಗಾಜಿನ ಮೇಲೆ ಒಂಟಿಯಾಗಿ ನಿಲ್ಲಿಸಿದರೆ ದೊರೆ ಜಾರಿ ಪರಾರಿ. ಹೆಂಡತಿ ಎತ್ತಿಕೊಂಡರೆ ಕೊಸರಾಡುತ್ತಾನೆ. ಅಲ್ಲದೆ ಅವಳ ತೂಕ ಎಷ್ಟು ಎಂದು ಕೇಳುವ ಧೈರ್ಯ ಆ ಮನೆಯಲ್ಲಿ ಯಾರಿಗೂ ಇರಲಿಲ್ಲ. "ನಾನೇ ಲಾರಿ, ಇವನು ಸರಕು. ನನ್ನ ಖಾಲಿ ತೂಕ ಎಪ್ಪತ್ತು. ಕಳೆದುಬಿಡು, ಮುಗೀತು," ಎಂದಿದ್ದ ಅವನು. ಮದುವೆಯ ದಿನ ಎಪ್ಪತ್ತು, ಹೋದ ವರ್ಷ ಕೆಲಸದ ಜಾಗಕ್ಕೆ ಡಾಕ್ಟರು ಬಂದು ಎಲ್ಲರನ್ನೂ ನೋಡಿದಾಗಲೂ ಎಪ್ಪತ್ತು. ಆ ಎಪ್ಪತ್ತರ ಬಗ್ಗೆ ಅವನಿಗೆ ಒಳಗೊಳಗೇ ಜಂಬ.

ಇನ್ನು ಅವಳು. ಅವಳು ಶಿಶುವಿಹಾರದ ಅಡುಗೆಯವಳು. ಅರವತ್ತು ಮಕ್ಕಳು ಅವಳನ್ನು ಊಟದಮ್ಮ ಎಂದು ಕರೆಯುತ್ತವೆ. ಬೀನ್ಸ್ ಕಂಡರೆ ಅಳುವ ಮಗು, ಹಾಲಿನ ಕೆನೆ ಕಂಡರೆ ವಾಂತಿ ಮಾಡುವ ಮಗು, ಬಾಯಲ್ಲಿ ತುತ್ತಿಟ್ಟುಕೊಂಡು ಅರ್ಧ ಗಂಟೆ ಕೂರುವ ಮಗು, ಎಲ್ಲವನ್ನೂ ದಾರಿಗೆ ತಂದವಳು. ಹದಿನೇಳು ವರ್ಷದಲ್ಲಿ ತಟ್ಟೆ ಬಿಟ್ಟು ಎದ್ದ ಮಗು ಒಂದೂ ಇಲ್ಲ ಎಂದು ಅವಳ ಹೆಮ್ಮೆ. ಊಟ ಮುಗಿದ ಮೇಲೆ ತಟ್ಟೆಗಳನ್ನು ನೋಡಿಯೇ ಯಾವ ಮಗುವಿಗೆ ನೆಗಡಿ, ಯಾವ ಮಗುವಿನ ಮನೆಯಲ್ಲಿ ಜಗಳ ಎಂದು ಹೇಳಿಬಿಡುತ್ತಿದ್ದಳು. ಅಂಥವಳು ಈಗ ನಾಲ್ಕು ಕಾಲಿನ ಒಂದು ಗಿಡ್ಡನ ಮುಂದೆ ಸೋತು ಕೂತಿದ್ದಳು.

ದೊರೆ ಅವಳ ಅಕ್ಕನ ನಾಯಿ. ಅಕ್ಕ ಹೋಗಿ ಎರಡು ವರ್ಷ. ಆಸ್ಪತ್ರೆಗೆ ಹೊರಡುವ ದಿನ ಅಕ್ಕ ನಾಯಿಯನ್ನು ಇವಳ ಮಡಿಲಲ್ಲಿ ಇಟ್ಟು, "ಊಟಕ್ಕೆ ಹಟ ಮಾಡ್ತಾನೆ ಕಣೆ, ಬೈಬೇಡ," ಎಂದಿದ್ದಳು. ಆಮೇಲೆ ಮನೆಗೆ ಬರಲೇ ಇಲ್ಲ. ಅಕ್ಕನದು ಅಂತ ಇವಳ ಹತ್ತಿರ ಉಳಿದಿರುವ ಜೀವ ಇದೊಂದೇ. ಇದನ್ನೂ ಕೈಯಾರೆ ಕಳೆದುಕೊಂಡರೆ ಮುಖ ಯಾರಿಗೆ ತೋರಿಸುವುದು? ಅಕ್ಕನಿಗಂತೂ ಮನಸ್ಸಿನಲ್ಲೂ ತೋರಿಸಲಾಗದು.

ಹಾಗೆಂದು ಬೈಯದೆ ಬೈಯದೆ ಇಬ್ಬರೂ ಸೇರಿ ಅವನನ್ನು ಕೆಡಿಸಿದ್ದು ನಿಜ. ಬಿಸ್ಕತ್ತು, ಹುರಿದ ಲಿವರ್, ಮತ್ತೆ ಬಿಸ್ಕತ್ತು. ಒಂದು ದಿನ ದೊರೆ ನಿಂತಲ್ಲೇ ವಾಂತಿ ಮಾಡಿ ಮಲಗಿಬಿಟ್ಟ. ಡಾಕ್ಟರಮ್ಮ ಇಂಜೆಕ್ಷನ್ ಚುಚ್ಚಿ, ಇಬ್ಬರನ್ನೂ ಚೆನ್ನಾಗಿ ಝಾಡಿಸಿ, ಒಂದು ಚೀಟಿ ಬರೆದು ಕೊಟ್ಟಿದ್ದರು. ಬೇಯಿಸಿದ ಕೋಳಿ ಇಷ್ಟು, ಅನ್ನ ಇಷ್ಟು, ಕ್ಯಾರೆಟ್ಟು ಕುಂಬಳ ಇಷ್ಟು, ವಾರಕ್ಕೆ ಮೂರು ಮೊಟ್ಟೆ, ಒಂದು ಚಮಚ ಎಣ್ಣೆ, ಚಿಟಿಕೆ ಕ್ಯಾಲ್ಸಿಯಂ ಪುಡಿ. ಉಪ್ಪಿಲ್ಲ, ಸಕ್ಕರೆಯಿಲ್ಲ. ಕೆಳಗೆ ಎರಡು ಗೆರೆ ಎಳೆದು: ನಿಮ್ಮ ತಟ್ಟೆಯಿಂದ ಒಂದು ಚೂರೂ ಹಾಕಬಾರದು. ಪ್ರತಿ ಭಾನುವಾರ ತೂಕ ನೋಡಿ ಫೋನ್ ಮಾಡಬೇಕು.

ಅಷ್ಟೇ ತಾನೆ ಅಂದುಕೊಂಡಿದ್ದಳು ಅವಳು. ಅಷ್ಟಲ್ಲ. ದೊರೆ ಬಟ್ಟಲಿನ ಹತ್ತಿರ ಬರುತ್ತಾನೆ, ಮೂಸುತ್ತಾನೆ, ಇವಳ ಮುಖ ನೋಡುತ್ತಾನೆ. ಆಮೇಲೆ ಕೋಳಿಯ ಎರಡು ಚೂರನ್ನು ಆರಿಸಿ ತಿಂದು, ಕ್ಯಾರೆಟ್ಟನ್ನು ಒಂದೊಂದಾಗಿ ನೆಕ್ಕಿ, ರುಚಿ ಹೀರಿ, ಬಟ್ಟಲಿನ ಪಕ್ಕದಲ್ಲಿ ಉಗಿದು ಹೋಗುತ್ತಾನೆ. ಕುಂಬಳವನ್ನಂತೂ ಮುಟ್ಟಿದರೆ ಮೈಲಿಗೆ. ಅವಳು ಕ್ಯಾರೆಟ್ಟು ತುರಿದಳು, ಅನ್ನದೊಂದಿಗೆ ಅರೆದಳು, ಕೋಳಿ ಬೇಯಿಸಿದ ನೀರಿನಲ್ಲಿ ಕಲಸಿ ಉಂಡೆ ಮಾಡಿದಳು, ಶಿಶುವಿಹಾರದ ಹಾಡು ಹೇಳಿದಳು, ಕಡೆಗೆ ತಾನೇ ಬಟ್ಟಲಿಗೆ ಬಾಯಿಟ್ಟಂತೆ ಮಾಡಿ 'ಆಹಾ' ಎಂದಳು. ದೊರೆ ತಲೆ ಓರೆ ಮಾಡಿ ಅವಳ ನಾಟಕವನ್ನು ಕಡೆಯವರೆಗೂ ನೋಡಿದ. ನೋಡಿ, ಎದ್ದು ಹೋಗಿ ಊಟದ ಮೇಜಿನ ಕೆಳಗೆ ಮಲಗಿದ.

ಸಂಜೆ ಗಂಡ ಹೆಂಡತಿ ಊಟಕ್ಕೆ ಕೂತಾಗಲೂ ಅವಳ ಗಮನ ಮೂಲೆಯಲ್ಲಿದ್ದ ನಾಯಿಯ ಬಟ್ಟಲಿನ ಮೇಲೇ. ತುತ್ತಿಗೊಮ್ಮೆ ಆ ಕಡೆ ತಿರುಗುವಳು. ಎದ್ದು ಹೋಗಿ ಬಟ್ಟಲನ್ನು ಸ್ವಲ್ಪ ಬಿಸಿ ಮಾಡಿ ತರುವಳು. ಮತ್ತೆ ಎದ್ದು ಹೋಗಿ ಎಣ್ಣೆ ಒಂದು ತೊಟ್ಟು ಹಾಕುವಳು. ಬಂದು ಕೂರುವಷ್ಟರಲ್ಲಿ ಗಂಡನ ತಟ್ಟೆ ಖಾಲಿಯಾಗಿರುತ್ತಿತ್ತು.

"ಈ ಮನೇಲಿ ನೀವೊಬ್ರಾದ್ರೂ ಮಾತಾಡದೆ ತಟ್ಟೆ ಖಾಲಿ ಮಾಡ್ತೀರಲ್ಲ, ಪುಣ್ಯ," ಎನ್ನುತ್ತಿದ್ದಳು. ಅವನು ನೀರು ಕುಡಿದು ಎದ್ದು ಹೋಗುತ್ತಿದ್ದ.

ನಾಲ್ಕು ಮುನ್ನೂರು ಬಂದ ದಿನ ಅವಳು ಫೋನ್ ಮಾಡಿದಾಗ ಎತ್ತಿದ್ದು ಕಾಂಪೌಂಡರ್. ಡಾಕ್ಟರಮ್ಮ ಎರಡು ವಾರ ಯಾವುದೋ ತರಬೇತಿಗೆ ಹೋಗಿದ್ದರು, ಬರುವ ಭಾನುವಾರವೇ ದವಾಖಾನೆಯಲ್ಲಿ ಸಿಗುವುದು.

"ಆರು ನಾನೂರಿಂದ ನಾಲ್ಕು ಮುನ್ನೂರಾ?" ಕಾಂಪೌಂಡರ್ ಕೇಳಿದ. "ಸರಿಯಾಗಿ ನೋಡಿದ್ರಾ ಅಮ್ಮಾ?"

"ತೂಕ ಹಾಕಿದವರು ತೂಕದಣ್ಣ," ಎಂದಳು ಅವಳು, ಸ್ವಲ್ಪ ಚುರುಕಾಗಿಯೇ.

"ಹಾಗಾದ್ರೆ ಊಟ ಜಾಸ್ತಿ ಮಾಡಿ, ಮೂರು ಹೊತ್ತಲ್ಲ, ನಾಲ್ಕು ಹೊತ್ತು ಹಾಕಿ. ನಾಲ್ಕು ಕಿಲೋ ಒಳಗೆ ಬಂದ್ರೆ ಕಾಯಬೇಡಿ, ಎತ್ಕೊಂಡು ಬಂದ್ಬಿಡಿ. ಮೂಗಿಂದ ನಳಿಗೆ ಹಾಕಿ ಊಟ ಕೊಡಬೇಕಾಗುತ್ತೆ. ಅಷ್ಟು ಸಣ್ಣ ಜೀವ ಅದನ್ನ ತಡ್ಕೊಳ್ಳೋದು ಕಷ್ಟಾನೇ." ಪಾಪ, ಆತ ಹೆದರಿಸಬೇಕೆಂದು ಹೇಳಿದ್ದಲ್ಲ. ಆದರೆ ಅವಳು ಫೋನ್ ಇಟ್ಟವಳೇ ನಾಯಿಯ ಬಟ್ಟಲಿಗೆ ಇನ್ನೊಂದು ಹಿಡಿ ಅನ್ನ ಹಾಕಿದಳು.

ಆ ವಾರ ಹೇಗೆ ಕಳೆಯಿತೋ ಅವಳಿಗೇ ಗೊತ್ತು. ಸೋಮವಾರ ಶಿಶುವಿಹಾರದ ಪಾಯಸಕ್ಕೆ ಸಕ್ಕರೆ ಎರಡು ಸಲ ಹಾಕಿದಳು, ಮಕ್ಕಳಿಗೆ ಹಬ್ಬ. ಮಂಗಳವಾರ ಅರ್ಧ ದಿನ ರಜೆ ಕೇಳಿ ಮನೆಗೆ ಓಡಿ ಬಂದು ಬಟ್ಟಲು ನೋಡಿದಳು. ಕುಂಬಳ ಹಾಗೇ ಇತ್ತು. ಬುಧವಾರ ಇನ್ನೊಂದು ಭಯ ಹುಟ್ಟಿತು. ನಾಯಿಯ ಹೊಟ್ಟೆ ಸವರುವಾಗ ಅದು ದುಂಡಗೆ, ಬಿಗಿಯಾಗಿ ಸಿಕ್ಕಿತು. ಒಳಗೆ ನೀರು ತುಂಬಿದ ಹಾಗೆ. ಬೆನ್ನು ಮುಟ್ಟಿದರೆ ಮೂಳೆ ಸಿಕ್ಕಿತೋ ಇಲ್ಲವೋ, ಅವಳ ಭಯಕ್ಕಂತೂ ಸಿಕ್ಕಿತು.

"ರೀ, ಇವನಿಗೆ ಹೊಟ್ಟೆ ಊದ್ಕೊಂಡಿದೆ! ತೂಕ ಇಳೀತಿದೆ, ಹೊಟ್ಟೆ ಊದ್ತಿದೆ. ಅಕ್ಕನಿಗೂ ಕೊನೆಗೆ ಹೀಗೇ ಆಗಿತ್ತು. ನಂಗೆ ಗೊತ್ತು ಇದು ಏನು ಅಂತ, ನಂಗೆ ಗೊತ್ತು." ಹೇಳುತ್ತ ಹೇಳುತ್ತ ಅವಳು ಅತ್ತೇಬಿಟ್ಟಳು.

ಗಂಡ ಬಾಯಿ ತೆರೆದ. ಏನೋ ಹೇಳಬೇಕೆಂದಿದ್ದ ಹಾಗೆ ಕಂಡಿತು. ಅಷ್ಟರಲ್ಲಿ ಅವಳು, "ಇವನಿಗೇನಾದ್ರೂ ಆದ್ರೆ ನಾನು ಬದುಕಲ್ಲ ನೋಡಿ," ಎಂದಳು. ಅವನು ಬಾಯಿ ಮುಚ್ಚಿದ. ಅವಳ ಬೆನ್ನು ಸವರಿ, "ನಾಳೆ ಮೀನು ತರ್ತೀನಿ. ಮೀನು ಬಿಡಲ್ಲ ಇವನು," ಎಂದಷ್ಟೇ ಹೇಳಿದ.

ಗುರುವಾರ ಮೀನು ಬಂತು. ನಾಯಿಗೆ ಮುಳ್ಳು ತೆಗೆದು ಬೇಯಿಸಿದ್ದು, ಗಂಡನಿಗೆ ಹುರಿದದ್ದು. ದೊರೆ ಬಟ್ಟಲಿನ ಮೀನನ್ನು ಮೂಸಿ, ಸೀನಿ, ಮೇಜಿನ ಕೆಳಗೆ ಹೋಗಿ ಕೂತ. ಅವಳಿಗೆ ಸಿಟ್ಟು ನೆತ್ತಿಗೇರಿತು. ಬೈಬೇಡ ಎಂದಿದ್ದ ಅಕ್ಕನ ಮಾತನ್ನು ಅವತ್ತು ಅವಳು ಮುರಿದಳು. "ಏನಾಗಿದೆ ನಿಂಗೆ ದಾಡಿ? ಸಾಯಬೇಕು ಅಂತಿದೀಯಾ? ಸಾಯಿ ಹೋಗು!" ಎಂದು ಕಿರುಚಿ, ತನ್ನ ಮಾತಿಗೆ ತಾನೇ ಬೆದರಿ, ಹಿತ್ತಲಿಗೆ ಹೋಗಿ ನಿಂತಳು. ಒಳಗೆ ಗಂಡ ನಾಯಿಗೆ ಮೆಲ್ಲಗೆ ಏನೋ ಹೇಳುತ್ತಿದ್ದ. ಮೇಜಿನ ಕೆಳಗಿನಿಂದ ಬಾಲ ನೆಲಕ್ಕೆ ಬಡಿಯುವ ಸದ್ದು ಕೇಳುತ್ತಿತ್ತು.

ಭಾನುವಾರ ಅವಳು ಏಳು ಗಂಟೆಗೇ ಮೆಷಿನ್ನು ತಂದಿಟ್ಟಳು. ಗಂಡ ನಾಯಿಯನ್ನು ಎತ್ತಿಕೊಂಡು ಹತ್ತಿದ. ಎತ್ತುವಾಗ ಅವನಿಗೆ ಸ್ವಲ್ಪ ಏದುಸಿರು ಬಂತು. ಅವಳಿಗೆ ಅಂಕಿ ಬಿಟ್ಟು ಇನ್ನೇನೂ ಕಾಣುತ್ತಿರಲಿಲ್ಲ.

ಎಪ್ಪತ್ತಮೂರು ಕಿಲೋ ಒಂಬೈನೂರು.

ಈ ಸಲ 'ಎಪ್ಪತ್ತು ಕಳಿ' ಎಂದು ಯಾರೂ ಹೇಳಲಿಲ್ಲ. ಅವಳು ಕ್ಯಾಲೆಂಡರಿನ ಹತ್ತಿರವೂ ಹೋಗಲಿಲ್ಲ. ಅಲ್ಲೇ ಬಿದ್ದಿದ್ದ ಹಳೇ ಶಾಲಿನಲ್ಲಿ ದೊರೆಯನ್ನು ಸುತ್ತಿ ಎದೆಗವಚಿಕೊಂಡು, ಚಪ್ಪಲಿ ಒಂದಕ್ಕೊಂದು ಜೋಡಿಯೋ ಅಲ್ಲವೋ ನೋಡದೆ ಬಾಗಿಲು ದಾಟಿದಳು. ಗಂಡ ಬೀಗ ಹಾಕಿ ಹಿಂದೆ ಬಂದ. ದಾರಿಯುದ್ದಕ್ಕೂ ಅವಳು ನಾಯಿಯ ಕಿವಿಯಲ್ಲಿ ತಪ್ಪಾಯ್ತು, ತಪ್ಪಾಯ್ತು ಕಣೋ ಎಂದು ಹೇಳುತ್ತಲೇ ಇದ್ದಳು. ಎರಡು ಬೀದಿ ನಡೆಯುವಷ್ಟರಲ್ಲಿ ಅವಳ ತೋಳು ಸೋತುಹೋದವು. ನಾಲ್ಕು ಕಿಲೋ ಕೂಡ ಇಲ್ಲದ ನಾಯಿ ಇಷ್ಟು ಭಾರವಾಗುವುದೇಕೆ ಎಂದು ಆಗಲಾದರೂ ಕೇಳಿಕೊಳ್ಳಬಹುದಿತ್ತು. ದುಃಖಕ್ಕೆ ತೋಳಲ್ಲಿ ಬಲವಿರುವುದಿಲ್ಲ ಅಂದುಕೊಂಡಳು.

ದವಾಖಾನೆಯಲ್ಲಿ ಒಂದು ಬೆಕ್ಕು, ಒಂದು ಮೊಲ, ಅವುಗಳ ಯಜಮಾನರು ಕೂತಿದ್ದರು. ಅವಳ ಮುಖ ನೋಡಿ ಎಲ್ಲರೂ ದಾರಿ ಬಿಟ್ಟರು. ತರಬೇತಿಯಿಂದ ಹಿಂದಿನ ದಿನವಷ್ಟೇ ಬಂದಿದ್ದ ಡಾಕ್ಟರಮ್ಮ ಕಾಂಪೌಂಡರ್ ಹೇಳಿದ ಅಂಕಿ ಕೇಳಿ, ಕೈಗವಸು ಹಾಕಿಕೊಳ್ಳುತ್ತ, ನಳಿಗೆ ತೆಗೆದಿಡು ಎಂದರು.

"ಮೊದಲು ಮೇಜಿನ ಮೇಲೆ ಬಿಡಿ," ಎಂದರು ಡಾಕ್ಟರಮ್ಮ.

ಅವಳು ಶಾಲು ಬಿಚ್ಚಿ ದೊರೆಯನ್ನು ತೂಕದ ಮೇಜಿನ ಮೇಲೆ ಇಟ್ಟು, ಕಣ್ಣು ಮುಚ್ಚಿದಳು. ಕಾಂಪೌಂಡರ್ ಕೆಮ್ಮಿದ.

"ಎಷ್ಟಿದೆ ಅಂದ್ರಿ ಮನೇಲಿ?" ಎಂದರು ಡಾಕ್ಟರಮ್ಮ.

"ಮೂರು ಒಂಬೈನೂರು."

"ಇಲ್ಲಿ ನೋಡಿ."

ಅವಳು ಕಣ್ಣು ತೆರೆದಳು. ಎಂಟು ಕಿಲೋ ನೂರು ಗ್ರಾಂ.

ಮೆಷಿನ್ನು ಕೆಟ್ಟಿರಬೇಕು ಎಂದು ಕಾಂಪೌಂಡರ್ ಸೊನ್ನೆ ಮಾಡಿ ಮತ್ತೆ ನಿಲ್ಲಿಸಿದ. ಅದೇ ಅಂಕಿ. ಡಾಕ್ಟರಮ್ಮ ದೊರೆಯ ಹೊಟ್ಟೆ ಹಿಸುಕಿದರು, ಒಸಡು ನೋಡಿದರು, ಎದೆಗೆ ಕೊಳವೆ ಇಟ್ಟು ಕೇಳಿದರು. ಆಮೇಲೆ ಕೈಗವಸು ಬಿಚ್ಚಿ ಎಸೆದರು.

"ಇದು ಊತ ಅಲ್ಲಮ್ಮಾ, ಕೊಬ್ಬು. ಕಲ್ಲುಗುಂಡಿನ ಹಾಗಿದ್ದಾನೆ. ಐದೇ ವಾರದಲ್ಲಿ ಕಾಲು ಭಾಗ ಜಾಸ್ತಿ ಆಗಿದಾನೆ! ಚೀಟೀಲಿ ಬರೆದಷ್ಟೇ ಹಾಕಿದ್ರೆ ಹೀಗಾಗಲ್ಲ. ಯಾರು ಹಾಕ್ತಿರೋದು ಇವನಿಗೆ ತಟ್ಟೆಯಿಂದ?"

ಅವಳು ನಕ್ಕಳು. ನಗುತ್ತ ಅತ್ತಳು, ಅಳುತ್ತ ದೊರೆಯ ಮೂತಿಗೆ ಮುತ್ತಿಟ್ಟಳು. ಬದುಕಿದ್ದಾನೆ. ಗುಂಡುಗುಂಡಾಗಿ ಬದುಕಿದ್ದಾನೆ, ಕಳ್ಳ. ಆಮೇಲೆ 'ಯಾರು' ಎಂಬ ಪ್ರಶ್ನೆ ತಲೆಗೆ ಹೋಗಿ, ಗಂಡನ ಕಡೆ ತಿರುಗಿದಳು. ಅವನು ಗೋಡೆಗೆ ಆತು ನಿಂತಿದ್ದ.

"ನೀವಾ?"

"ಇವನು ತೂಕ ಇಳೀತಿದಾನಲ್ಲ ಅಂತ..." ಎಂದ ಅವನು.

"ನೀವಾ ರೀ? ಐದು ವಾರ ನಾನು ಸತ್ತು ಸತ್ತು ಬದುಕಿದೀನಿ! ಕುಂಬಳ ಅರೆದು ಅರೆದು ಕೈ ಬಿದ್ದುಹೋಗಿದೆ. ಮೇಜಿನ ಕೆಳಗೆ ನೀವು ಮೃಷ್ಟಾನ್ನ ಬಡಿಸ್ತಿದ್ರೆ ಅವನ್ಯಾಕೆ ನನ್ನ ಬಟ್ಟಲು ಮುಟ್ತಾನೆ? ಏನೇನು ಹಾಕಿದ್ರಿ, ಹೇಳಿ ಡಾಕ್ಟರ್ ಮುಂದೆ!"

ಅವನು ತಲೆ ಕೆರೆದುಕೊಂಡ. ಕಾಂಪೌಂಡರ್‌ಗೆ ನಗು ತಡೆಯಲಾಗಲಿಲ್ಲ, ಕಿಟಕಿ ಕಡೆ ತಿರುಗಿದ.

"ಹೇಳಿ. ಗುರುವಾರ ಮೀನು. ಎಷ್ಟು ಹಾಕಿದ್ರಿ?"

"ಎರಡು ತುಂಡು."

"ನಾನು ನಿಮ್ಗೆ ಬಡಿಸಿದ್ದೇ ಎರಡು ತುಂಡು." ಅವಳು ಇನ್ನೂ ಬೈಯುವ ಭರದಲ್ಲೇ ಇದ್ದಳು. "ಶುಕ್ರವಾರ ಮೊಟ್ಟೆ?"

"ಅದೂನೂ."

"ಎರಡೂ?"

"ಹ್ಞೂಂ."

"ನಿನ್ನೆ? ನಿನ್ನೆ ಮಾಂಸ ಮಾಡಿದ್ದೆ. ಬಟ್ಟಲ ತುಂಬ ಹಾಕಿದ್ದೆ ನಿಮ್ಗೆ."

ಮೇಜಿನ ಮೇಲೆ ದೊರೆ ಬಾಲ ಆಡಿಸಿದ. ಅವಳ ದನಿ ತಾನಾಗಿಯೇ ಇಳಿಯಿತು.

"ಮತ್ತೆ ನೀವೇನು ತಿಂದ್ರಿ?"

ಡಾಕ್ಟರಮ್ಮ ಇಬ್ಬರನ್ನೂ ಒಬ್ಬರಾದ ಮೇಲೆ ಒಬ್ಬರನ್ನು ನೋಡಿದರು. "ಮನೇಲಿ ನಾಯೀನ ಹೇಗೆ ತೂಗ್ತೀರಿ?" ಎಂದು ಕೇಳಿದರು. ತೂಕದಣ್ಣ ವಿವರಿಸಿದ. ತಾನು ಎತ್ತಿಕೊಂಡು ನಿಲ್ಲುವುದು, ಒಟ್ಟು ತೂಕ, ಅದರಲ್ಲಿ ಎಪ್ಪತ್ತು ಕಳೆಯುವುದು. ಹೇಳುತ್ತ ಹೇಳುತ್ತ ಅವನ ಮಾತು ನಿಧಾನವಾಯಿತು. ಇಪ್ಪತ್ತು ವರ್ಷ ಲಾರಿ ತೂಗಿದವನಿಗೆ ಈ ಲೆಕ್ಕ ಅರ್ಥವಾಗದೇ ಇರುತ್ತದೆಯೇ? ಸರಕು ಇಳಿದಿಲ್ಲ. ಒಟ್ಟು ಇಳಿದಿದೆ. ಹಾಗಾದರೆ ಇಳಿದದ್ದು ಲಾರಿ.

ಅವಳೂ ಲೆಕ್ಕ ಮಾಡಿದಳು. ಬೇಡವೆಂದರೂ ತಲೆ ತಾನೇ ಮಾಡಿತು. ಎಪ್ಪತ್ತಮೂರು ಒಂಬೈನೂರರಲ್ಲಿ ಎಂಟು ಕಿಲೋ ನೂರು ಗ್ರಾಂ ಹೋದರೆ ಅರವತ್ತೈದು ಎಂಟುನೂರು.

"ಅಣ್ಣಾ, ನೀವೊಬ್ರೇ ಇದರ ಮೇಲೆ ನಿಲ್ಲಿ," ಎಂದರು ಡಾಕ್ಟರಮ್ಮ. ಮೂಲೆಯಲ್ಲಿ ದೊಡ್ಡ ನಾಯಿಗಳನ್ನು ತೂಗುವ ನೆಲದ ಹಲಗೆಯಿತ್ತು.

"ನಂದು ಎಪ್ಪತ್ತು ಡಾಕ್ಟ್ರೇ. ನಂದೇನು ನೋಡ್ತೀರಿ, ನಾಯಿ ಡಾಕ್ಟ್ರು ನೀವು." ನಗಿಸಲು ನೋಡಿದ. ಯಾರೂ ನಗಲಿಲ್ಲ.

"ಹತ್ತಿ," ಎಂದಳು ಹೆಂಡತಿ.

"ಮನೇಲಿ ನೋಡೋಣ ಕಣೆ."

"ಹತ್ತಿ ಅಂದೆ."

ಅವನು ಹತ್ತಿದ. ಹಲಗೆ ನಾಯಿಗಳಿಗೆ ಮಾಡಿದ್ದು. ಅವನು ಎರಡೂ ಪಾದ ಹತ್ತಿರ ತಂದು, ಮೈ ಕುಗ್ಗಿಸಿಕೊಂಡು ನಿಲ್ಲಬೇಕಾಯಿತು. ಅವಳು ಐದು ವಾರದಲ್ಲಿ ಮೊದಲ ಸಲ ಗಂಡನನ್ನು ನೋಡಿದಳು. ಅಂಗಿಯ ಕಾಲರಿಗೂ ಕತ್ತಿಗೂ ನಡುವೆ ಎರಡು ಬೆರಳು ಹೋಗುವಷ್ಟು ಜಾಗವಿತ್ತು. ಕೆನ್ನೆಯ ಮೂಳೆ ಎದ್ದಿತ್ತು. ಪ್ಯಾಂಟನ್ನು ಬೆಲ್ಟು ನೆರಿಗೆ ನೆರಿಗೆಯಾಗಿ ಹಿಡಿದಿತ್ತು. ಅರವತ್ತು ತಟ್ಟೆಗಳನ್ನು ನೋಡಿ ಯಾರ ಮೈ ಸರಿಯಿಲ್ಲ ಎಂದು ಹೇಳುವವಳು, ತನ್ನೆದುರು ದಿನಾ ಖಾಲಿಯಾದ ಒಂದು ತಟ್ಟೆಯನ್ನು ನೋಡಿ ಪುಣ್ಯ ಎಂದಿದ್ದಳು.

ಶೂ ಸೇರಿ ಅರವತ್ತಾರು ಕಿಲೋ ನಾನೂರು.

"ಯಾವಾಗಿಂದ ರೀ?" ಎಂದು ಕೇಳಿದಳು ಅವಳು.

"ಗಟ್ಟಿದ್ದು ಇಳಿಯಲ್ಲ ಕಣೆ," ಎಂದ ಅವನು, ಹಲಗೆಯಿಂದ ಇಳಿಯದೆಯೇ. "ಇಲ್ಲಿ ಸಿಕ್ಕಿಕೊಳ್ಳುತ್ತೆ." ಎದೆಯ ನಡುವೆ ಬೆರಳಿಟ್ಟು ತೋರಿಸಿದ. "ಗಂಜಿ, ಹಾಲು ಇಳಿಯುತ್ತೆ. ನೀರು ಚೆನ್ನಾಗೇ ಇಳಿಯುತ್ತೆ. ಹೇಳೋಣ ಅಂತಿದ್ದೆ. ಬುಧವಾರ ಹೇಳೋಕೆ ಬಾಯಿ ತೆಗೆದೆ ಕೂಡ. ನೀನು ಇವನೊಬ್ಬನ ಚಿಂತೇಲೇ ಅರ್ಧ ಆಗಿದ್ದೆ. ಇವನದು ಒಂದು ದಾರಿಗೆ ಬರ್ಲಿ, ಆಮೇಲೆ ಹೇಳಿದ್ರಾಯ್ತು ಅಂತ."

ಅವಳಿಗೆ ಅವನನ್ನು ಹೊಡೆಯಬೇಕೆನಿಸಿತು. ಅಲ್ಲೇ, ಬೆಕ್ಕು ಮೊಲಗಳ ಮುಂದೆ, ಎರಡೂ ಕೈಯಿಂದ ಹೊಡೆದು, ಆಮೇಲೆ ಅವನ ಎದೆಗೆ ಬಿದ್ದು ಗೋಳಾಡಬೇಕೆನಿಸಿತು. ಎರಡನ್ನೂ ಮಾಡಲಿಲ್ಲ. ಡಾಕ್ಟರಮ್ಮ ಒಂದು ಕಾಗದದಲ್ಲಿ ಏನೋ ಬರೆದು ಕೈಗಿಟ್ಟು, "ನಾನು ಮನುಷ್ಯರ ಡಾಕ್ಟರ್ ಅಲ್ಲ. ಆದ್ರೆ ಇದನ್ನ ನಾಳೆಗೆ ಇಡಬೇಡಿ. ಈಗ್ಲೇ ಹೋಗಿ. ದೊಡ್ಡಾಸ್ಪತ್ರೆ ಭಾನುವಾರವೂ ತೆಗೆದಿರುತ್ತೆ. ನಾಯಿ ಇಲ್ಲೇ ಇರ್ಲಿ," ಎಂದರು. ಅವಳು ದೊರೆಯ ಕಡೆ ತಿರುಗಿ ಕೂಡ ನೋಡದೆ ಹೊರಟಳು. ಹಿಂದಿನಿಂದ ಅವನು ಒಂದು ಸಲ ಬೊಗಳಿದ.

ದೊಡ್ಡಾಸ್ಪತ್ರೆಯಲ್ಲಿ ಉದ್ದನೆಯ ಬೆಂಚು, ಫಿನಾಯಿಲ್ ವಾಸನೆ, ಗೋಡೆಯ ಮೇಲೆ ನಿಶ್ಶಬ್ದ ಎಂಬ ಬೋರ್ಡು, ಬೋರ್ಡಿನ ಕೆಳಗೆ ಎಲ್ಲರ ಗಲಾಟೆ. ಕಿಟಕಿಯ ಹಿಂದೆ ಕೂತ ನರ್ಸು ಫಾರಂ ತುಂಬಲು ಶುರು ಮಾಡಿದರು. ವಯಸ್ಸು ಕೇಳಿದರು, ಕೆಲಸ ಕೇಳಿದರು.

"ತೂಕ?"

"ಎಪ್ಪ..." ಎಂದು ತೂಕದಣ್ಣ ಅಲ್ಲಿಗೇ ನಿಲ್ಲಿಸಿದ.

"ಅರವತ್ತೈದು ಎಂಟುನೂರು," ಎಂದಳು ಅವಳು.

ನರ್ಸು ಬರೆದುಕೊಂಡರು. "ಊಟ ಹೇಗೆ?"

"ಇವಳ ಕೈ ಅಡುಗೆ ತುಂಬಾ ಚೆನ್ನಾಗಿರುತ್ತೆ ಸಿಸ್ಟರ್," ಎಂದ ಅವನು. "ಅರವತ್ತು ಮಕ್ಕಳು ತಟ್ಟೆ ನೆಕ್ಕಿಬಿಡ್ತವೆ."

"ಅಡುಗೆ ಹೇಗಿದೆ ಅಂತ ಕೇಳಲಿಲ್ಲ ನಾನು. ನಿಮಗೆ ಊಟ ಸೇರುತ್ತಾ?"

ಅವನು ಹೆಂಡತಿಯ ಮುಖ ನೋಡಿದ. ಅವಳು ಈ ಸಲ ಅವನ ಪರವಾಗಿ ಹೇಳಲಿಲ್ಲ. ಅವನ ಮಣಿಕಟ್ಟನ್ನು ಹಿಡಿದು ಕಾದಳು.

"ಸೇರಲ್ಲ," ಎಂದ ಅವನು. "ಎರಡು ತಿಂಗಳಾಯ್ತು."

ಎರಡು ತಿಂಗಳು. ನಾಯಿಯ ಚೀಟಿಗಿಂತಲೂ ಹಿಂದೆ. ಅವಳು ಹಿಡಿದ ಕೈ ಬಿಡಲಿಲ್ಲ. ಒಳಗಿನಿಂದ ಅವನ ಹೆಸರು, ಹೆತ್ತವರಿಟ್ಟ ಹೆಸರು, ಕೂಗಿದಾಗಲೂ ಬಿಡಲಿಲ್ಲ. ಒಬ್ಬರೇ ಒಳಗೆ ಬರಬೇಕು ಎಂದು ನರ್ಸು ಎರಡು ಸಲ ಹೇಳಬೇಕಾಯಿತು.